ಇಬ್ಬರು ಕೂರುವ ಮೇಜು

ಮದುವೆಯ ಏಳನೇ ವಾರ್ಷಿಕೋತ್ಸವಕ್ಕೆ ಎಲ್ಲಿ ಊಟ ಮಾಡುವುದು ಎಂಬ ಚರ್ಚೆ ನಮ್ಮ ಮನೆಯಲ್ಲಿ ಮೂರು ದಿನ ನಡೆಯಿತು. ನನ್ನ ಗಂಡ ಪುಣೆಯ ಸದಾಶಿವ ಪೇಟೆಯವನು. ಅವನ ಪ್ರಕಾರ ಹೊರಗಿನ ಊಟ ಅಂದರೆ ಮಿಸಳ್, ಹೆಚ್ಚೆಂದರೆ ಥಾಲಿ. ಕೋರೆಗಾಂವ್ ಪಾರ್ಕ್ ಕಡೆಗಿರುವ, ಫ್ರೆಂಚ್ ಮಾದರಿಯ, ಊಟದ ಪಟ್ಟಿಗಿಂತ ವೈನ್ ಪಟ್ಟಿಯೇ ಉದ್ದವಾಗಿರುವ ಒಂದು ಜಾಗಕ್ಕೆ ಹೋಗೋಣ ಎಂದವಳು ನಾನು. ಆಗ ಅವ್ವ ನಮ್ಮಲ್ಲಿಯೇ ಇದ್ದಳು. ಅಪ್ಪ ತೀರಿಕೊಂಡ ಮೇಲೆ ವರ್ಷದಲ್ಲಿ ಐದಾರು ತಿಂಗಳು ಧಾರವಾಡದಿಂದ ಬಂದು ಇರುತ್ತಾಳೆ. "ಎಲ್ಲಿಗೆ ಹೊಂಟೀರಿ?" ಅಂದಳು. "ಊಟಕ್ಕ" ಅಂದೆ. ವೈನ್ ಎಂಬ ಪದ ಬಾಯಿಗೆ ಬರಲಿಲ್ಲ.

ಅದಕ್ಕೆ ಕಾರಣವಿದೆ. ನಾನು ಬೆಳೆದ ಓಣಿಯ ತಿರುವಿನಲ್ಲಿ ಒಂದು ಅಂಗಡಿಯಿತ್ತು. ಬೋರ್ಡಿನ ಮೇಲೆ ದೊಡ್ಡದಾಗಿ 'ವೈನ್ಸ್' ಅಂತ ಬರೆದಿತ್ತು. ಅಪ್ಪ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದ. ಆ ಅಂಗಡಿಯಲ್ಲಿ ರಮ್ ಇತ್ತು, ವಿಸ್ಕಿ ಇತ್ತು, ಬ್ರಾಂದಿಯ ಕ್ವಾರ್ಟರ್ ಬಾಟಲಿಗಳಿದ್ದವು. ಇರದಿದ್ದದ್ದು ವೈನ್ ಒಂದೇ. ಭಾಷಾವಿಜ್ಞಾನದ ತರಗತಿಯಲ್ಲಿ ಅರ್ಥವಿಸ್ತಾರದ ಉದಾಹರಣೆ ಕೊಡಿ ಎಂದಾಗ ನಾನು ಬರೆದದ್ದು ಇದನ್ನೇ: ಒಂದು ಬಗೆಯ ಪಾನೀಯದ ಹೆಸರು ಎಲ್ಲ ಬಗೆಯ ಮದ್ಯಕ್ಕೂ ಹಬ್ಬಿ, ಕೊನೆಗೆ ಮೂಲದ ಪಾನೀಯವನ್ನೇ ಅಂಗಡಿಯಿಂದ ಹೊರಗೆ ಹಾಕಿದ ಕಥೆ. ಮೇಷ್ಟ್ರು ನಕ್ಕು ಅಂಕ ಕೊಟ್ಟರು. ಆದರೆ ಅವ್ವನಿಗೆ ಆ ಪದ ಉದಾಹರಣೆಯಾಗಿರಲಿಲ್ಲ. ರಾತ್ರಿ ಒಂಬತ್ತರ ನಂತರ ಬಾಗಿಲಿಗೆ ಬರುವ ಹೆಜ್ಜೆಸದ್ದು ಆಗಿತ್ತು.

ಹಾಗಾಗಿ ಆ ಮೂರು ದಿನ ನಾನು ಮೆನು ನೋಡುವುದಕ್ಕಿಂತ ಹೆಚ್ಚಾಗಿ ಇತಿಹಾಸ ಓದಿದೆ. ಒಂದು ಮೇಜು, ಅದರ ಎದುರುಬದುರು ಗಂಡು ಹೆಣ್ಣು, ನಡುವೆ ಎರಡು ಗ್ಲಾಸು. ಇಷ್ಟು ಸಾಮಾನ್ಯವಾಗಿ ಕಾಣುವ ಚಿತ್ರ ಪುಣೆಗೆ ಬಂದು ತಲುಪಲು ಎಷ್ಟು ಸುತ್ತು ಹಾಕಿತು ಎಂಬುದು ಆಮೇಲೆ ತಿಳಿಯಿತು.

ರೆಸ್ಟೋರೆಂಟ್ ಅಂದರೆ ಮೊದಲು ಜಾಗದ ಹೆಸರೇ ಅಲ್ಲ, ಒಂದು ಸಾರಿನ ಹೆಸರು. 'ರೆಸ್ಟೋರೆ' ಅಂದರೆ ಚೇತರಿಸಿಕೊಳ್ಳುವಂತೆ ಮಾಡು. ಹದಿನೆಂಟನೇ ಶತಮಾನದ ಪ್ಯಾರಿಸ್‌ನಲ್ಲಿ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಇಳಿಸಿದ ಗಟ್ಟಿ ರಸಕ್ಕೆ 'ರೆಸ್ತೊರಾಂ' ಎನ್ನುತ್ತಿದ್ದರು. ಎದೆ ದುರ್ಬಲವಾದವರಿಗೆ, ರಾತ್ರಿ ಪೂರ್ತಿ ಊಟ ಜೀರ್ಣವಾಗದವರಿಗೆ ಅದು ಪಥ್ಯ. 1760ರ ದಶಕದಲ್ಲಿ ಆ ಸಾರನ್ನು ಮಾರುವ ಕೋಣೆಗಳು ಶುರುವಾದವು. ಮಾತುರ‍್ಯಾಂ ರೋಜ್ ದ ಶಾಂತ್ವಾಜೊ ಎಂಬಾತ ಮೊದಲಿಗರಲ್ಲಿ ಒಬ್ಬ ಎಂದು ಇತಿಹಾಸಕಾರ್ತಿ ರೆಬೆಕ್ಕಾ ಸ್ಪ್ಯಾಂಗ್ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಫ್ರೆಂಚ್ ಕ್ರಾಂತಿಯಾಗಿ ಶ್ರೀಮಂತರ ತಲೆ ಉರುಳಿ, ಕೆಲಸ ಕಳೆದುಕೊಂಡ ಅವರ ಅಡುಗೆಯವರು ಹೋಟೆಲ್ ಹಾಕಿದರು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಸೊಗಸಾದ ಕಥೆಯೇ, ಆದರೆ ರೆಸ್ಟೋರೆಂಟ್ ಕ್ರಾಂತಿಗಿಂತ ಇಪ್ಪತ್ತು ವರ್ಷ ಹಳೆಯದು.

ಅದಕ್ಕೂ ಮೊದಲು ಪ್ಯಾರಿಸ್‌ನಲ್ಲಿ ಹೊರಗೆ ಉಣ್ಣಬೇಕಾದವರಿಗೆ ಇದ್ದದ್ದು 'ತಾಬ್ಲ್ ದೋತ್'. ಒಂದೇ ಉದ್ದ ಮೇಜು, ಗೊತ್ತಾದ ಹೊತ್ತು, ಮನೆಯವನು ಮಾಡಿದ್ದೇ ಊಟ, ಗೊತ್ತಾದ ದರ. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಖಾನಾವಳಿ. ಪುಣೆಯ ಖಾಣಾವಳವೂ ಅದೇ, ಹುಬ್ಬಳ್ಳಿಯ ಖಾನಾವಳಿಯೂ ಅದೇ. ಹೊತ್ತಿಗೆ ಸರಿಯಾಗಿ ಹೋಗಬೇಕು, ಇವತ್ತು ಬದನೇಕಾಯಿ ಪಲ್ಯ ಅಂದರೆ ಬದನೇಕಾಯಿ, ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರ ಜೊತೆ ಉಣ್ಣಬೇಕು. ರೆಸ್ಟೋರೆಂಟ್ ತಂದ ಹೊಸತನ ರುಚಿಯದ್ದಲ್ಲ. ನನ್ನ ಹೊತ್ತಿಗೆ, ನನ್ನ ಮೇಜಿನಲ್ಲಿ, ನಾನು ಆರಿಸಿದ್ದನ್ನು, ಪಟ್ಟಿಯಲ್ಲಿ ಬರೆದ ಬೆಲೆಗೆ ತಿನ್ನುತ್ತೇನೆ ಎಂಬುದು ಅದರ ಹೊಸತನ. ಎಲ್ಲರೂ ಇರುವ ಕೋಣೆಯಲ್ಲಿ ಯಾರಿಗೂ ಸೇರದೆ ಕೂರುವ ಅವಕಾಶ ಅದು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಪ್ಯಾರಿಸ್‌ಗೆ ಬಂದ ಇಂಗ್ಲಿಷ್ ಮತ್ತು ಅಮೆರಿಕನ್ ಪ್ರವಾಸಿಗರು ಮರ್ಯಾದಸ್ಥ ಹೆಂಗಸರೂ ಅಲ್ಲಿ ಎಲ್ಲರೆದುರು ಉಣ್ಣುತ್ತಾರೆ ಎಂದು ಬೆರಗಾಗಿ ಬರೆದಿದ್ದಾರೆ.

ಇನ್ನೊಂದು ತಮಾಷೆ. ಒಂದಾದ ಮೇಲೊಂದು ತಟ್ಟೆ ಬರುವುದನ್ನು ನಾವು ಫ್ರೆಂಚ್ ಪದ್ಧತಿ ಅಂದುಕೊಳ್ಳುತ್ತೇವೆ. ಅವರು ಅದನ್ನು ರಷ್ಯನ್ ಪದ್ಧತಿ ಎನ್ನುತ್ತಾರೆ, ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ಬಂದು ನೆಲೆಸಿದ್ದು. ಅದಕ್ಕೂ ಮುಂಚಿನ ಅಪ್ಪಟ ಫ್ರೆಂಚ್ ಬಡಿಸುವಿಕೆಯಲ್ಲಿ ಹತ್ತಾರು ಭಕ್ಷ್ಯಗಳು ಒಟ್ಟೊಟ್ಟಿಗೇ ಮೇಜಿನ ಮೇಲೆ ಬರುತ್ತಿದ್ದವು, ನಮ್ಮ ಬಾಳೆಲೆಯ ಹಾಗೆ.

ಇನ್ನು ಪುಣೆ. ಎಲ್ಲರೆದುರು ತಿನ್ನುವುದು, ಕುಡಿಯುವುದು ಈ ಊರಲ್ಲಿ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂದು ತಿಳಿಯಲು ಒಂದು ಕಪ್ ಚಹಾ ಸಾಕು. 1890ರಲ್ಲಿ ಪಂಚ ಹೌದ್ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ನಗರದ ಗಣ್ಯರು ಬಂದಿದ್ದರು, ನ್ಯಾಯಮೂರ್ತಿ ರಾನಡೆ ಇದ್ದರು, ಬಾಲ ಗಂಗಾಧರ ತಿಲಕರೂ ಇದ್ದರು. ಸಭೆಯಾದ ಮೇಲೆ ಪಾದ್ರಿಗಳು ಚಹಾ ಬಿಸ್ಕತ್ತು ಕೊಟ್ಟರು. ಕೆಲವರು ಕುಡಿದರು, ಕೆಲವರು ಕಪ್ಪನ್ನು ಮುಟ್ಟಿ ಕೆಳಗಿಟ್ಟರು. ಆಮೇಲೆ ಹಾಜರಿದ್ದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಹಾಗೆ ಮಾಡಿಸಿದವನು ಗೋಪಾಳರಾವ್ ಜೋಶಿ, ಅಮೆರಿಕಕ್ಕೆ ಹೋಗಿ ವೈದ್ಯಕೀಯ ಓದಿದ ಆನಂದಿಬಾಯಿಯ ಗಂಡ, ಜಗಳ ಹಚ್ಚುವುದರಲ್ಲಿ ನಿಸ್ಸೀಮ. ಸಂಪ್ರದಾಯಸ್ಥರು ಬಹಿಷ್ಕಾರದ ಮಾತೆತ್ತಿದರು. ದೂರು ಹೋದದ್ದು ಸಂಕೇಶ್ವರದ ಶಂಕರಾಚಾರ್ಯ ಪೀಠಕ್ಕೆ. ಹೌದು, ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರವೇ. ಅಲ್ಲಿಂದ ವಿಚಾರಣೆಗೆ ಶಾಸ್ತ್ರಿಗಳು ಪುಣೆಗೆ ಬಂದರು. ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡಾಗಿದೆ ಎಂದು ತಿಲಕರು ಹೇಳಿಕೊಂಡರು. ರಾನಡೆ ಕೊನೆಗೆ ಪ್ರಾಯಶ್ಚಿತ್ತಕ್ಕೆ ಒಪ್ಪಿದಾಗ ಅವರನ್ನು ನಂಬಿದ್ದ ಸುಧಾರಕರಿಗೆ ಮುಖಭಂಗವಾಯಿತು. ಇಷ್ಟಕ್ಕೂ ಕಪ್ಪಿನಲ್ಲಿದ್ದದ್ದು ಚಹಾ. ಪ್ರಶ್ನೆ ಏನು ಕುಡಿದಿರಿ ಎಂಬುದಲ್ಲ, ಯಾರ ಮೇಜಿನಲ್ಲಿ ಕೂತು ಕುಡಿದಿರಿ ಎಂಬುದು. ಈ ಪ್ರಕರಣ ಓದಿ ನನ್ನ ಗಂಡನಿಗೆ ಹೇಳಿದರೆ, "ನಮ್ಮ ಪೇಟೆಯಲ್ಲಿ ಈಗಲೂ ಹಾಗೇ, ಪತ್ರಿಕೆಯ ಬದಲು ವಾಟ್ಸಾಪು" ಅಂದ.

ಆಮೇಲಿನ ಐವತ್ತು ವರ್ಷಗಳಲ್ಲಿ ಪುಣೆಗೆ ಹೊರಗೆ ಕೂತು ತಿನ್ನುವುದನ್ನು ಕಲಿಸಿದವರು ಇರಾನಿಗಳು ಮತ್ತು ನಮ್ಮ ಕಡೆಯವರು. ಡೆಕ್ಕನ್ ಜಿಮಖಾನಾದ ಕೆಫೆ ಗುಡ್‌ಲಕ್ 1935ರದ್ದು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಬೆಳೆಸಿದ ಜಗನ್ನಾಥ ಶೆಟ್ಟರು ಕರಾವಳಿಯಿಂದ ಬಂದವರು. ಪುಣೆಯ ಎಷ್ಟೋ ಪ್ರೇಮಕಥೆಗಳು ವೈಶಾಲಿಯ ಎಸ್‌ಪಿಡಿಪಿ ತಟ್ಟೆಯ ಮುಂದೆ ಶುರುವಾಗಿವೆ, ನಮ್ಮದೂ ಅಲ್ಲೇ. ಅಷ್ಟಾದರೂ ಬಹಳ ಕಾಲ ಇರಾನಿ ಕೆಫೆಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ಹೆಂಗಸರಿಗೆ ಇದ್ದದ್ದು 'ಫ್ಯಾಮಿಲಿ ರೂಮ್'. ಪ್ಲೈವುಡ್ಡಿನ ಗೋಡೆ, ಅರ್ಧ ಬಾಗಿಲು ಅಥವಾ ಎಣ್ಣೆಜಿಡ್ಡಿನ ಪರದೆ. ಅವ್ವ ಅಪ್ಪನ ಜೊತೆ ಹೋಟೆಲಿಗೆ ಹೋದ ಒಂದೆರಡು ಸಲವೂ ಆ ಪರದೆಯ ಹಿಂದೆಯೇ ಕೂತಿದ್ದಳು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ರೆಸ್ಟೋರೆಂಟುಗಳಲ್ಲೂ ಇಂಥ ಖಾಸಗಿ ಕೋಣೆಗಳಿದ್ದವು. ಆದರೆ ಅಲ್ಲಿ ಪರದೆಯ ಹಿಂದೆ ಹೋದ ಹೆಂಗಸಿನ ಬಗ್ಗೆ ಊರು ಪಿಸುಗುಡುತ್ತಿತ್ತು. ಇಲ್ಲಿ ಪರದೆಯ ಹೊರಗೆ ಕೂತವಳ ಬಗ್ಗೆ ಪಿಸುಗುಡುತ್ತಿತ್ತು.

ಹೆಣ್ಣಿಗೆ ಫ್ಯಾಮಿಲಿ ರೂಮ್ ಇದ್ದ ಹಾಗೆ ಮದ್ಯಕ್ಕೆ ಪರ್ಮಿಟ್ ರೂಮ್. ಮುಂಬಯಿ ಪಾನನಿಷೇಧ ಕಾಯ್ದೆ 1949ರಲ್ಲಿ ಬಂತು, 1950ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಪಾನನಿಷೇಧ. ಮೊರಾರ್ಜಿ ದೇಸಾಯಿಯವರ ಕಾಲ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ಮುಂಬಯಿ ರಾಜ್ಯದಲ್ಲೇ ಇದ್ದವು, ಆದ್ದರಿಂದ ಪುಣೆಗೂ ನಮ್ಮೂರಿಗೂ ಒಂದೇ ಕಾನೂನು. ಕುಡಿಯಲೇಬೇಕಾದವರು ಆರೋಗ್ಯದ ಕಾರಣ ತೋರಿಸಿ ಪರವಾನಗಿ ಪಡೆಯಬೇಕಿತ್ತು. ಪ್ಯಾರಿಸ್‌ನಲ್ಲಿ ಎದೆನೋವಿನ ಹೆಸರಲ್ಲಿ ರೆಸ್ಟೋರೆಂಟ್ ಶುರುವಾದರೆ, ಇಲ್ಲಿ ಅದೇ ಥರದ ನೆವದಲ್ಲಿ ಗ್ಲಾಸು ಉಳಿಯಿತು. ಮುಂದೆ ನಿಯಮಗಳು ಸಡಿಲಾದವು, ಆದರೆ ಕಾಯ್ದೆ ಹೋಗಲಿಲ್ಲ. ಮಹಾರಾಷ್ಟ್ರದಲ್ಲಿ ಇವತ್ತಿಗೂ ಕುಡಿಯುವವರ ಬಳಿ ಪರ್ಮಿಟ್ ಇರಬೇಕೆಂಬುದು ಕಾನೂನು. ಎಷ್ಟು ಜನರ ಜೇಬಿನಲ್ಲಿದೆ ಎಂದು ಕೇಳಬೇಡಿ. ನನ್ನ ಅನಿಸಿಕೆಯಲ್ಲಿ, ಮದ್ಯವನ್ನು ಊಟದ ಮೇಜಿನಿಂದ ಎಬ್ಬಿಸಿ ಕತ್ತಲ ಕೋಣೆಗೆ, ಅಂಗಡಿಯ ಕೌಂಟರಿಗೆ, ಕಾಗದ ಸುತ್ತಿದ ಬಾಟಲಿಗೆ ತಳ್ಳಿದ್ದರಲ್ಲಿ ಈ ಕಾಯ್ದೆಯ ಪಾಲು ದೊಡ್ಡದು. ಕುಡಿತ ನಿಲ್ಲಲಿಲ್ಲ, ಜೊತೆಗೆ ಕೂತು ಕುಡಿಯುವುದು ನಿಂತಿತು.

ನಮ್ಮ ಕಾವ್ಯದಲ್ಲಿ ಹೀಗಿರಲಿಲ್ಲ. ಮಹಾಕಾವ್ಯದಲ್ಲಿ ಇರಲೇಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಕತ್ತಲಾದ ಮೇಲೆ ಉಣ್ಣಲೂ ಒಪ್ಪದ ಜೈನ ಕವಿಗಳು, ಪ್ರೇಮಿಗಳು ಒಂದೇ ಬಟ್ಟಲಲ್ಲಿ ಕುಡಿಯುವುದನ್ನು ಲಕ್ಷಣಗ್ರಂಥದ ಮರ್ಯಾದೆಗಾಗಿ ಬರೆದರು. ಅನುವಾದಕಿಯಾದ ನನಗೆ ಅವರ ಕಷ್ಟ ಅರ್ಥವಾಗುತ್ತದೆ. ಒಮ್ಮೆ ನಾನೂ ರುಚಿಯೇ ನೋಡದ ಹದಿನಾಲ್ಕು ವೈನುಗಳ ವಿವರಣೆಯನ್ನು ಕನ್ನಡಕ್ಕೆ ತಂದಿದ್ದೆ. ಬೈಬಲ್ಲಿನ 'ದ್ರಾಕ್ಷಾರಸ' ಕೈಯಳತೆಯಲ್ಲೇ ಇತ್ತು, ಆದರೆ ಅದನ್ನು ಬರೆದರೆ ಓದುಗರಿಗೆ ಜ್ಯೂಸ್ ಅನಿಸುತ್ತದೆ. 'ವೈನ್' ಎಂದರೆ ನನಗೆ ಓಣಿಯ ಬೋರ್ಡು ಕಾಣುತ್ತದೆ. ದುಡ್ಡು ಬಂತು, ಸಮಾಧಾನ ಬರಲಿಲ್ಲ.

ಪುಣೆಯ ಬಳಿ ನಿಜವಾದ ವೈನ್ ಹುಟ್ಟಿದ್ದು 1980ರ ದಶಕದಲ್ಲಿ, ನಾಸಿಕ್ ರಸ್ತೆಯ ನಾರಾಯಣಗಾಂವದಲ್ಲಿ. ತಮಾಷಾ ಕಲಾವಿದೆ ವಿಠಾಬಾಯಿಯ ಊರು, ತಿನ್ನುವ ದ್ರಾಕ್ಷಿಗೆ ಮೊದಲೇ ಹೆಸರಾದದ್ದು. ಶಾಮರಾವ್ ಚೌಗುಲೆ ಅಲ್ಲಿ ಶಾಟೋ ಇಂಡೇಜ್ ಕಟ್ಟಿದರು. ಶಾಂಪೇನಿನ ಹೆಸರಾಂತ ಮನೆತನ ಪೈಪರ್ ಹೈಡ್‌ಸಿಕ್ ಕಡೆಯ ತಾಂತ್ರಿಕ ನೆರವು ಪಡೆದು, ಬಾಟಲಿಯಲ್ಲೇ ಎರಡನೇ ಸಲ ಹುಳಿ ಬರಿಸುವ ಕ್ರಮದಲ್ಲಿ ನೊರೆಯ ವೈನ್ ಮಾಡಿದರು. ಹೊರದೇಶದಲ್ಲಿ ಅದು 'ಉಮರ್ ಖಯ್ಯಾಮ್' ಎಂಬ ಹೆಸರಲ್ಲಿ ಮಾರಾಟವಾಯಿತು. ಜುನ್ನರ್ ತಾಲೂಕಿನ ಮಣ್ಣು, ಶಾಂಪೇನಿನ ತಂತ್ರ, ಪರ್ಶಿಯನ್ ಕವಿ. ಇದೇ ದಶಕದ ಕೊನೆಗೆ, 1988ರಲ್ಲಿ, ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟರು, ಮುಂದೆ ಬೋರ್ಡೋದ ಮಿಶೆಲ್ ರೋಲಾಂ ಅವರಿಗೆ ಸಲಹೆಗಾರರಾದರು. ಸುತ್ತಲೂ ಇದ್ದದ್ದು ಬೆಂಗಳೂರು ಬ್ಲೂ, ನಾವು ಬೀಜ ಉಗುಳುತ್ತ ತಿನ್ನುವ ಕಪ್ಪು ದ್ರಾಕ್ಷಿ.

ಫ್ರಾನ್ಸಿನ ಬಳ್ಳಿ ಇಲ್ಲಿ ಬೆಳೆಯುವ ರೀತಿಯೇ ಬೇರೆ. ಅಲ್ಲಿ ಚಳಿಗೆ ಎಲೆಯುದುರಿಸಿ ಮಲಗುತ್ತದೆ, ಇಲ್ಲಿ ಅದಕ್ಕೆ ನಿದ್ದೆಯಿಲ್ಲ. ಆದ್ದರಿಂದ ವಿಜಯಪುರದಿಂದ ನಾಸಿಕ್‌ವರೆಗೆ ರೈತರು ವರ್ಷಕ್ಕೆರಡು ಸಲ ಚಾಟನಿ ಮಾಡುತ್ತಾರೆ. ಬೇಸಿಗೆಯ ಚಾಟನಿ ಕಡ್ಡಿ ಬರಲು, ಮಳೆ ಮುಗಿದ ಮೇಲಿನದು ಹಣ್ಣಿಗೆ. ಫ್ರಾನ್ಸಿನಲ್ಲಿ ಸುಗ್ಗಿ ಸೆಪ್ಟೆಂಬರಿನ ಹೊತ್ತಿಗಾದರೆ ಇಲ್ಲಿ ಸಂಕ್ರಾಂತಿಯಿಂದ ಶಿವರಾತ್ರಿಯ ಆಚೀಚೆ.

2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು ವೈನಿಗೆ ತೆರಿಗೆಯ ರಿಯಾಯಿತಿ ಕೊಟ್ಟಿತು, ನಾಸಿಕ್ ಬಳಿಯ ವಿಂಚೂರಿನಲ್ಲಿ, ಸಾಂಗ್ಲಿಯ ಪಲೂಸಿನಲ್ಲಿ ವೈನ್ ಪಾರ್ಕುಗಳಾದವು. ಕರ್ನಾಟಕದ ನೀತಿ ಬಂದದ್ದು 2007ರಲ್ಲಿ. ಅಷ್ಟು ಹೊತ್ತಿಗೆ ನಾಸಿಕ್ ಮುಂದೆ ಓಡಿತ್ತು. ನಾರಾಯಣಗಾಂವದ ಮೊದಲಿಗ ಮಾತ್ರ 2008ರ ಆರ್ಥಿಕ ಕುಸಿತದ ನಂತರ ಸಾಲದಲ್ಲಿ ಮುಳುಗಿ ಕೋರ್ಟಿನ ಮೆಟ್ಟಿಲೇರಿತು. 2022ರ ಜನವರಿಯಲ್ಲಿ ದೊಡ್ಡ ದಿನಸಿ ಅಂಗಡಿಗಳಲ್ಲಿ ವೈನ್ ಮಾರಬಹುದು ಎಂದು ರಾಜ್ಯ ಸಂಪುಟ ನಿರ್ಧರಿಸಿದಾಗ ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟರು, ಮಾತು ಅಲ್ಲಿಗೇ ನಿಂತಿತು. ರೈತನ ಬೆಳೆ ಎಂದು ಒಬ್ಬರು, ಮದ್ಯ ಎಂದು ಇನ್ನೊಬ್ಬರು. ನಮ್ಮನೆಯ ಜಗಳವೇ ವಿಧಾನಸಭೆಗೆ ಹೋದಂತಿತ್ತು.

ಇಷ್ಟು ಓದಿಕೊಂಡವಳು ಜಾಗ ಆರಿಸಿದ್ದು ಹೇಗೆ ಎಂದರೆ, ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಗ್ಲಾಸಿನ ಲೆಕ್ಕದಲ್ಲಿ ಕೊಡುತ್ತೀರಾ, ಇಡೀ ಬಾಟಲಿ ಕೊಳ್ಳಲೇಬೇಕಾ? ಬಾಟಲಿಗಳನ್ನು ಎಲ್ಲಿಡುತ್ತೀರಿ? (ಪುಣೆಯ ಏಪ್ರಿಲ್‌ನಲ್ಲಿ ಗೋಡೆಯ ಶೋಕೇಸಿನಲ್ಲಿ ನಿಂತ ವೈನ್ ಬೇಗ ಕೆಡುತ್ತದೆ.) ಹಾಡಿನ ಸದ್ದು ಎಷ್ಟು? ಮೂರಕ್ಕೂ ಸಮಾಧಾನದಿಂದ ಉತ್ತರಿಸಿದ ಜಾಗಕ್ಕೇ ಹೋದೆವು. ಅಲ್ಲಿ ಸೊಮೆಲಿಯೇ ಇದ್ದ, ಇಪ್ಪತ್ತೈದರ ಹುಡುಗ, ಲಾತೂರಿನ ಕಡೆಯವನು. ಸೊಮೆಲಿಯೇ ಎಂಬ ಪದಕ್ಕೆ ಮೂಲದಲ್ಲಿ ಹೇರುಗತ್ತೆ ಹೊಡೆಯುವವನು ಎಂದರ್ಥ, ಸಾಮಾನು ಸಾಗಿಸುವವನು ಕ್ರಮೇಣ ಉಗ್ರಾಣದವನಾದ, ಆಮೇಲೆ ವೈನಿನವನಾದ. ಅದನ್ನು ಹೇಳುವಷ್ಟರಲ್ಲಿ ಗಂಡ ಮೇಜಿನಡಿ ಕಾಲು ತುಳಿದ. ಪಟ್ಟಿಯಲ್ಲಿ ನಂದಿಬೆಟ್ಟದ ಕೆಂಪು ವೈನ್ ಇತ್ತು. ಒಂದೊಂದು ಗ್ಲಾಸು ತರಿಸಿದೆವು. ಈರುಳ್ಳಿ ಸೂಪು ಚೆನ್ನಾಗಿತ್ತು, ಬಾತುಕೋಳಿ ಅಷ್ಟಕ್ಕಷ್ಟೆ. ಎರಡೂವರೆ ಗಂಟೆ ಕೂತೆವು. ಬಹಳ ದಿನದ ಮೇಲೆ ಮನೆ ಸಾಲದ ಮಾತಿಲ್ಲದೆ ಮಾತಾಡಿದೆವು.

ಮನೆಗೆ ಬಂದಾಗ ಅವ್ವ ಎದ್ದೇ ಇದ್ದಳು. ಏನೇನು ತಿಂದಿರಿ ಅಂದಳು, ಹೇಳಿದೆ. ಆಮೇಲೆ ಅದನ್ನೂ ಹೇಳಿದೆ, "ಒಂದೊಂದು ಗ್ಲಾಸ್ ವೈನ್ ಕುಡದ್ವಿ ಅವ್ವಾ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರೂ ಅಲ್ಲೇ ಕೂತಿದ್ರೇನು, ನಿನ್ನ ಎದುರಿಗೆ?"

"ಹೂಂ. ಎದುರಿಗೇ."

"ನಿಮ್ಮಪ್ಪ ಒಂದಿನಾನೂ ಎದುರಿಗೆ ಕೂತು ಕುಡೀಲಿಲ್ಲ ನೋಡು," ಅಂದಳು. ಆಮೇಲೆ ಎದ್ದು, ಹಾಲಿಗೆ ಹೆಪ್ಪು ಹಾಕಿದ್ದೀಯೇನು ಎಂದು ಕೇಳುತ್ತ ಅಡುಗೆಮನೆಗೆ ಹೋದಳು.