ಹತ್ತು ಮೀಟರಿನ ಎಲ್ಲೆ: ಮುಂಬಯಿಯ ತಾನಸಾ ಕೊಳವೆಮಾರ್ಗ

ದತ್ತಿಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಕಲ್ಲು, ಮರ, ಹಳ್ಳಗಳ ಗುರುತಿನಿಂದ ನಿರ್ದೇಶಿಸುವ ಶಾಸನಪದ್ಧತಿ ನಮಗೆ ಚಿರಪರಿಚಿತ. ಮುಂಬಯಿಗೆ ನೀರು ತರುವ ತಾನಸಾ ಕೊಳವೆಮಾರ್ಗದ ಎಲ್ಲೆ ವಿವಾದಕ್ಕೊಳಗಾದದ್ದು ಮಾತ್ರ ತೀರ ಈಚೆಗೆ. 1892ರಲ್ಲಿ ತಾನಸಾ ಅಣೆಕಟ್ಟು ಪೂರ್ಣಗೊಂಡಾಗ ಈ ಮಾರ್ಗದ ಬಹುಭಾಗ ನಗರದ ಹೊರಗಿದ್ದಿತು. ಮುಂದೆ ನಗರವೇ ಅದರ ಬಳಿಗೆ ಬೆಳೆದು ಬಂದಿತು. ಕೊಳವೆಗಳ ಮಗ್ಗುಲಲ್ಲೇ ಗುಡಿಸಲುಗಳೆದ್ದವು. ನೀರಿನ ಸುರಕ್ಷತೆಯ ಪ್ರಶ್ನೆಯೆತ್ತಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 2009ರಲ್ಲಿ ಇಕ್ಕೆಲಗಳಲ್ಲಿಯೂ 10 ಮೀಟರು ತೆರವಾಗಬೇಕೆಂದು ಆದೇಶಿಸಿತು. ಮಹಾನಗರಪಾಲಿಕೆಯು 2017ರ ಸುಮಾರಿಗೆ ತೆರವುಗೊಳಿಸಿದ ಕುಟುಂಬಗಳಲ್ಲಿ ಅನೇಕವನ್ನು ಮಾಹುಲಿಗೆ ಕಳುಹಿಸಿತು. ಅಲ್ಲಿಯೋ ತೈಲ ಶುದ್ಧೀಕರಣಾಗಾರಗಳೇ ನೆರೆ! ಆ ಗಾಳಿಯಿಂದ ಆರೋಗ್ಯಕ್ಕೆ ಅಪಾಯವಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು 2015ರಲ್ಲೇ ಗುರುತಿಸಿತ್ತು. ಬೇರೆಡೆ ಮನೆಗಳಿಲ್ಲವೆಂಬುದು ಪಾಲಿಕೆಯ ವಾದ. ಅಲ್ಲಿ ಬದುಕಲಾಗದೆಂಬುದು ನಿವಾಸಿಗಳ ಪ್ರತಿವಾದ. ಕೊಳವೆಯಿಂದ ಜನರಿಗಿರಬೇಕಾದ ಅಂತರವನ್ನು ಮೀಟರಿನಲ್ಲಿ ಅಳೆದವರು ತೈಲಾಗಾರದಿಂದ ಅದೇ ಜನರಿಗಿರಬೇಕಾದ ಅಂತರವನ್ನು ಅಳೆಯಲಿಲ್ಲವೆಂಬುದೇ ಈ ವಿವಾದದ ತಿರುಳೆಂದು ನಾವು ಭಾವಿಸುತ್ತೇವೆ. 2019ರ ಏಪ್ರಿಲಿನಲ್ಲಿ ಅದೇ ಉಚ್ಚ ನ್ಯಾಯಾಲಯವು, ಮಾಹುಲಿನ ನಿವಾಸಿಗಳು ಬೇರೆಡೆ ವಾಸಿಸಲು ತಿಂಗಳಿಗೆ 15,000 ರೂಪಾಯಿ ಬಾಡಿಗೆ ನೀಡಬೇಕೆಂದು ರಾಜ್ಯ ಸರ್ಕಾರಕ್ಕೆ ಆದೇಶಿಸಿತು.