ಎಂಜಿನ್‌ಗೆ ಶ್ರುತಿ ಕೂಡಿಸಿದ ಉಸ್ತಾದರು

ವಾಹನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ತಯಾರಿಸಿದವರ ಹೆಸರುಗಳನ್ನೇ ಬರೆಯುತ್ತಾರೆ. ಕಾರ್ಲ್ ಬೆಂಜ್, ಹೆನ್ರಿ ಫೋರ್ಡ್, ನಮ್ಮ ದೇಶದಲ್ಲಾದರೆ ಬಿರ್ಲಾ, ವಾಲ್‌ಚಂದ್ ಹಿರಾಚಂದ್. ಕಾರ್ಖಾನೆಯಿಂದ ಹೊರಬಂದ ಕಾರು ಆಮೇಲೆ ಇಪ್ಪತ್ತು ಮೂವತ್ತು ವರ್ಷ ಹೇಗೆ ಓಡಿತು, ಅದನ್ನು ಓಡುವ ಸ್ಥಿತಿಯಲ್ಲಿ ಇಟ್ಟವರು ಯಾರು ಎಂಬ ಪ್ರಶ್ನೆಯನ್ನು ಆ ಚರಿತ್ರೆ ಕೇಳುವುದಿಲ್ಲ. ಈ ಪ್ರಶ್ನೆ ನಮಗೆ ಮುಖ್ಯವಾದುದು. ಏಕೆಂದರೆ ನಮ್ಮ ಊರುಗಳಲ್ಲಿ ಗ್ಯಾರೇಜ್ ಎಂದ ಕೂಡಲೇ ಕಣ್ಮುಂದೆ ಬರುವ, ಮೈಯೆಲ್ಲ ಗ್ರೀಸ್ ಮೆತ್ತಿಕೊಂಡ ಮುಖಗಳಲ್ಲಿ ದೊಡ್ಡ ಪಾಲು ಮುಸ್ಲಿಮ್ ಸಮುದಾಯದ್ದು.

ಕಾರಿನಷ್ಟೇ ಹಳೆಯದು ಅದರ ಆರೈಕೆಯ ಕಥೆ. 1888ರ ಆಗಸ್ಟ್‌ನಲ್ಲಿ ಕಾರ್ಲ್ ಬೆಂಜ್‌ರ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಕಾರಿನಲ್ಲಿ ಹೊರಟರು. ನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದರು. ಮೋಟಾರು ಕಾರಿನ ಮೊದಲ ದೂರಪ್ರಯಾಣವೇ ರಿಪೇರಿಯ ಮೊದಲ ಪಾಠವೂ ಆಯಿತು. ಆ ಪಾಠದಲ್ಲಿ ಒಬ್ಬ ಗೃಹಿಣಿಯೂ ಒಬ್ಬ ಚಮ್ಮಾರನೂ ಇದ್ದರೆಂಬುದನ್ನು ಮರೆಯಬಾರದು.

ಭಾರತದ ಮಟ್ಟಿಗೆ ಈ ಕಥೆಗೆ ಬೇರೆಯದೇ ತಿರುವು ಇದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸುವ ಕೆಲಸ ಆರಂಭಿಸಿತು. ಭಾರತೀಯರದ್ದೇ ಆದ ಕಾರು ಕಾರ್ಖಾನೆ ಬೇಕೆಂದು 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿ ಬಂದರು. ಬ್ರಿಟಿಷ್ ಸರಕಾರದ ಬೆಂಬಲ ಸಿಗಲಿಲ್ಲ. 1942ರಲ್ಲಿ ಹಿಂದೂಸ್ತಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿಕೊಂಡವು. ಸ್ವಾತಂತ್ರ್ಯಾನಂತರ, ಇಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪೆನಿಗಳಿಗೆ ಜಾಗವಿಲ್ಲ ಎಂದು ಸರಕಾರ ನಿರ್ಧರಿಸಿದಾಗ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ 1950ರ ದಶಕದ ಮೊದಲರ್ಧದಲ್ಲಿ ಬಾಗಿಲು ಮುಚ್ಚಿ ಹೋದವು.

ಕಂಪೆನಿಗಳು ಹೋದವು, ಆದರೆ ಅವುಗಳ ಕಾರುಗಳು ಇಲ್ಲಿಯೇ ಉಳಿದವು. ಬಿಡಿಭಾಗ ತರಿಸೋಣವೆಂದರೆ ವಿದೇಶಿ ವಿನಿಮಯದ ಅಭಾವ. ಹೊಸ ಕಾರು ಕೊಳ್ಳೋಣವೆಂದರೆ ವರ್ಷಗಟ್ಟಲೆ ಕಾಯಬೇಕು. 1950ರ ದಶಕದ ಕೊನೆಗೆ ರಸ್ತೆಗಿಳಿದ ಅಂಬಾಸಿಡರ್, ಮುಂಬಯಿಯ ಫಿಯೆಟ್ ಮತ್ತು ಚೆನ್ನೈನ ಸ್ಟ್ಯಾಂಡರ್ಡ್ ಬಿಟ್ಟರೆ ಮಧ್ಯಮ ವರ್ಗಕ್ಕೆ ಬೇರೆ ಆಯ್ಕೆ ಇರಲಿಲ್ಲ. ಹೀಗಾಗಿ ಇದ್ದ ಕಾರನ್ನು ಸಾಯಗೊಡದೆ ಕಾಪಾಡುವುದು ಅನಿವಾರ್ಯವಾಯಿತು. ಲೇಥ್ ಯಂತ್ರದ ಮುಂದೆ ಕುಳಿತು ಸಿಗದ ಬುಷ್ಷನ್ನು ಕಡೆಯುವವನು, ಹಳೆಯ ಗಾಡಿ ಬಿಚ್ಚಿ ಭಾಗಗಳನ್ನು ವಿಂಗಡಿಸುವ ಗುಜರಿಯವನು, ರಸ್ತೆ ಬದಿಯ ಮೆಕ್ಯಾನಿಕ್ ಇವರೆಲ್ಲರ ಕಾಲ ಅದು. ಬೆಂಗಳೂರಿನ ಶಿವಾಜಿನಗರದ ಗುಜರಿಯೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳೂ ಹೆಸರಾದದ್ದು ಈ ಅಗತ್ಯದಿಂದಲೇ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪೆನಿಯ ಸ್ಪಾರ್ಕ್ ಪ್ಲಗ್ಗುಗಳು ದೇಶದ ಗ್ಯಾರೇಜುಗಳನ್ನೆಲ್ಲ ತಲುಪಿದವು.

ಅಂದಿನ ಕಾರಿಗೆ 'ಟ್ಯೂನಿಂಗ್' ಏಕೆ ಬೇಕಿತ್ತು? ಇಂದಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನಕ್ಕೆ ಕಿಡಿ ತಗಲುವುದು ನಿಖರವಾದ ಕ್ಷಣದಲ್ಲಿ ಆಗಬೇಕು. ಹಳೆಯ ಕಾರುಗಳಲ್ಲಿ ಈ ಕೆಲಸವನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ಲೋಹದ ತುದಿಗಳು ಮಾಡುತ್ತಿದ್ದವು. ಮೆಕ್ಯಾನಿಕರ ಬಾಯಲ್ಲಿ ಅದು 'ಪಾಯಿಂಟ್'. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಈ ಪಾಯಿಂಟ್ ನಿಮಿಷಕ್ಕೆ 6,000 ಸಲ ತೆರೆದು ಮುಚ್ಚಬೇಕು. ಅಷ್ಟು ಬಡಿತಕ್ಕೆ ಲೋಹದ ಮುಖ ಸುಡುತ್ತದೆ, ಹಿಮ್ಮಡಿ ಸವೆಯುತ್ತದೆ, ಸುಮಾರು 0.4 ಮಿಲಿಮೀಟರ್ ಇರಬೇಕಾದ ಸಂದು ಕಿರಿದಾಗುತ್ತದೆ. ಆಗ ಕಿಡಿ ತಡವಾಗುತ್ತದೆ. ಎಂಜಿನ್ನಿನ ಕಸುವು ಕುಂದುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೆಳಗ್ಗೆ ಎಷ್ಟು ತಿರುಗಿಸಿದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಯಂತ್ರದ ಸ್ವಭಾವವೇ ಹಾಗೆ. ಆದ್ದರಿಂದ ಕೆಡುವ ಮುಂಚೆಯೇ, ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಸರಿಪಡಿಸಬೇಕಿತ್ತು.

ಉಸ್ತಾದ್ ಮೊದಲು ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದ. ತುದಿ ಇಟ್ಟಿಗೆಯ ಕಂದು ಬಣ್ಣದಲ್ಲಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಅತಿಯಾಗಿದೆ. ಸುಣ್ಣದ ಹಾಗೆ ಬಿಳುಪಾಗಿದ್ದರೆ ಗಾಳಿ ಅತಿಯಾಗಿದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಹಕೀಮರು ನಾಲಿಗೆ ನೋಡಿ ರೋಗ ಹೇಳುತ್ತಿದ್ದಂತೆಯೇ ಇದು. ನಂತರ ಪಾಯಿಂಟಿನ ಮುಖ ಉಜ್ಜಿ, ತೆಳು ಉಕ್ಕಿನ ಗೇಜ್ ತೂರಿಸಿ ಸಂದು ಅಳೆಯುವುದು. ಆಮೇಲೆ ಟೈಮಿಂಗ್. ಡಿಸ್ಟ್ರಿಬ್ಯೂಟರಿನ ತಂತಿಗೂ ಗಾಡಿಯ ಮೈಗೂ ನಡುವೆ ಒಂದು 12 ವೋಲ್ಟಿನ ಬಲ್ಬು ಕಟ್ಟಿ, ಎಂಜಿನನ್ನು ಕೈಯಿಂದ ನಿಧಾನ ತಿರುಗಿಸಿದರೆ, ಪಾಯಿಂಟ್ ತೆರೆಯುವ ಕ್ಷಣದಲ್ಲಿ ಬಲ್ಬು ಹೊತ್ತಿಕೊಳ್ಳುತ್ತದೆ. ಕೊನೆಗೆ ಕಾರ್ಬ್ಯುರೇಟರಿನ ತಿರುಪು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಟ್ಯಾಪೆಟ್ ಸದ್ದನ್ನೂ ಬೇರಿಂಗ್ ಸದ್ದನ್ನೂ ಬೇರ್ಪಡಿಸಿ ಕೇಳುವ ಉಸ್ತಾದರಿದ್ದರು. ತಂಬೂರಿಗೆ ಶ್ರುತಿ ಕೂಡಿಸುವವರಂತೆ ಅವರು ಕಿವಿಯಿಂದಲೇ ಎಂಜಿನನ್ನು ಹದಕ್ಕೆ ತರುತ್ತಿದ್ದರು.

ಈ ವಿದ್ಯೆ ಅವರಿಗೆ ದಕ್ಕಿದ್ದು ಯಾವುದೇ ಕಾಲೇಜಿನಲ್ಲಲ್ಲ. ಉಸ್ತಾದ್-ಶಾಗಿರ್ದ್ ಪರಂಪರೆಯಲ್ಲಿ. ಹುಡುಗನೊಬ್ಬ ಮೊದಲು ಸ್ಪ್ಯಾನರ್ ತೊಳೆಯುತ್ತಾನೆ, ಚಹಾ ತರುತ್ತಾನೆ, ಆಮೇಲೆ ಚಕ್ರ ಬಿಚ್ಚುತ್ತಾನೆ, ವರ್ಷಗಳ ನಂತರ ಎಂಜಿನ್ ಮುಟ್ಟುತ್ತಾನೆ. ಸಾಚಾರ್ ಸಮಿತಿ 2006ರಲ್ಲಿ ನೀಡಿದ ವರದಿ, ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನೇ ಹೆಚ್ಚಾಗಿ ಅವಲಂಬಿಸಿರುವುದನ್ನು ಎತ್ತಿ ತೋರಿಸಿತು. ಅವರು ಹೆಚ್ಚಾಗಿ ಕಂಡುಬರುವ ವೃತ್ತಿಗಳಲ್ಲಿ ವಾಹನ ರಿಪೇರಿಯೂ ಒಂದು. ಕಚೇರಿಯ ಬಾಗಿಲು ತೆರೆಯದಿದ್ದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು ಎಂಬುದು ಇದರ ಅರ್ಥ.

ಆದರೆ ಈ ಪರಂಪರೆಯನ್ನು ಬರೀ ಹೊಗಳಿ ಸುಮ್ಮನಾದರೆ ನಾವು ಆತ್ಮವಂಚನೆ ಮಾಡಿಕೊಂಡಂತೆ. ಎಂಟು ಹತ್ತು ವರ್ಷದ ಮಕ್ಕಳು ಶಾಲೆ ಬಿಟ್ಟು ಕಾರಿನ ಅಡಿಯಲ್ಲಿ ಮಲಗಿದ್ದನ್ನು ನಾವು 'ಕೆಲಸ ಕಲಿಯುತ್ತಿದ್ದಾನೆ' ಎಂದು ಸಮಾಧಾನ ಹೇಳಿಕೊಂಡೆವು. ಸ್ಪ್ಯಾನರಿನಿಂದ ಬಿದ್ದ ಪೆಟ್ಟುಗಳನ್ನು ಶಿಕ್ಷಣದ ಭಾಗವೆಂದು ಒಪ್ಪಿಕೊಂಡೆವು. 2009ರ ಶಿಕ್ಷಣ ಹಕ್ಕು ಕಾಯಿದೆ ಮತ್ತು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14ರೊಳಗಿನ ಮಗುವಿನ ಜಾಗ ಶಾಲೆಯೇ ಎಂದು ಹೇಳಿವೆ. ಇದನ್ನು ಕಾನೂನು ಹೇಳುವ ಮೊದಲೇ ನಾವು ಹೇಳಬೇಕಿತ್ತು.

ಶಾಲೆ ಬಿಟ್ಟುದರ ನಷ್ಟ ಎದ್ದು ಕಂಡದ್ದು ತಂತ್ರಜ್ಞಾನ ಬದಲಾದಾಗ. 2000ದ ಇಸವಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಹೊಗೆಯ ನಿಯಮಗಳು ಬಿಗಿಯಾದವು. ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮತ್ತು ಪಾಯಿಂಟ್ ಮಾಯವಾಗಿ ಆ ಜಾಗದಲ್ಲಿ ಇಂಜೆಕ್ಟರ್, ಸೆನ್ಸರ್, ಕಂಪ್ಯೂಟರ್ ಕುಳಿತವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ನಿವೃತ್ತಿಯಾಯಿತು. ಕಿವಿಯಿಂದ ಕೇಳಿ ಹೇಳುತ್ತಿದ್ದ ದೋಷವನ್ನು ಈಗ ಸ್ಕ್ಯಾನರ್ ಅಂಕೆ-ಅಕ್ಷರಗಳಲ್ಲಿ ತೋರಿಸುತ್ತದೆ. ಅಕ್ಷರ ಓದಲು ಬಾರದ ಉಸ್ತಾದ್ ಅದರ ಮುಂದೆ ಮೂಕನಾದ. ಅವನ ತಿಳಿವಳಿಕೆ ಕಡಿಮೆಯಾಗಿರಲಿಲ್ಲ, ಅದನ್ನು ಹೊಸ ಭಾಷೆಗೆ ದಾಟಿಸುವ ಸೇತುವೆ ಅವನ ಬಳಿ ಇರಲಿಲ್ಲ.

ಇಲ್ಲಿ ನಮಗೆ ಅಲ್ ಜಝರಿ ನೆನಪಾಗುತ್ತಾರೆ. ದಿಯಾರ್‌ಬಕೀರ್ ಪ್ರದೇಶದ ಅರ್ತುಕಿದ್ ದೊರೆಗಳ ಬಳಿ ಇದ್ದ ಈ ಯಂತ್ರಶಿಲ್ಪಿ 1206ರಲ್ಲಿ ತನ್ನ ಯಂತ್ರಗಳ ಕುರಿತು ಗ್ರಂಥವೊಂದನ್ನು ಪೂರ್ತಿಗೊಳಿಸಿದರು. ಚಕ್ರದ ಸುತ್ತುವಿಕೆಯನ್ನು ಹಿಂದೆ-ಮುಂದೆ ಚಲಿಸುವ ಪಿಸ್ಟನ್ನಿನ ಚಲನೆಯಾಗಿ ಮಾರ್ಪಡಿಸುವ ನೀರಿನ ಪಂಪು ಅದರಲ್ಲಿದೆ. ಕಾರಿನ ಎಂಜಿನ್ ಇದೇ ಕೆಲಸವನ್ನು ತಿರುಗುಮುರುಗಾಗಿ ಮಾಡುತ್ತದೆ. ಅವರ ಹೆಸರೆತ್ತಿ ಹೆಮ್ಮೆಪಡುವುದು ಸುಲಭ. ಆದರೆ ಅವರಿಂದ ಕಲಿಯಬೇಕಾದುದು ಬೇರೊಂದು: ಅವರು ಕೈಯ ವಿದ್ಯೆಯನ್ನು ಚಿತ್ರ, ಅಳತೆಗಳ ಸಮೇತ ಬರೆದಿಟ್ಟರು. ಹಾಗಾಗಿ ಎಂಟು ಶತಮಾನಗಳ ನಂತರವೂ ಅವರ ಯಂತ್ರಗಳನ್ನು ಮತ್ತೆ ಕಟ್ಟಲು ಸಾಧ್ಯವಾಗಿದೆ. ನಮ್ಮ ಉಸ್ತಾದರ ವಿದ್ಯೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಅದು ಅವರೊಂದಿಗೇ ಮಣ್ಣಾಗುತ್ತಿದೆ.

ಟ್ಯೂನಿಂಗ್ ಹೋದರೂ ಆರೈಕೆಯ ಅಗತ್ಯ ಹೋಗಿಲ್ಲ. ಎಂಜಿನ್ ಆಯಿಲ್ ಇಂದಿಗೂ ಹಳತಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ದುರ್ಬಲವಾಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಲ್ಲಿ ಅದು ತುಂಡಾಗುವವರೆಗೆ ಕಾದರೆ ಎಂಜಿನ್ನೇ ಹಾಳಾಗಬಹುದು. ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಕಾರಿನೊಂದಿಗೆ ಮುಖ ತೋರಿಸಿದ್ದ ವಿದ್ಯುತ್ ವಾಹನ ಈಗ ಎಲ್ಲೆಡೆ ಕಾಣುತ್ತಿದೆ. ಅದಕ್ಕೆ ಪ್ಲಗ್ಗೂ ಇಲ್ಲ, ಎಂಜಿನ್ ಆಯಿಲೂ ಇಲ್ಲ. ಆದರೆ ಟೈರು, ಬ್ರೇಕು, ಸಸ್ಪೆನ್ಷನ್ ಇವೆ. ಇಂದಿನ ಹಲವು ವಿದ್ಯುತ್ ಕಾರುಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ಬ್ಯಾಟರಿ ಇರುತ್ತದೆ. ಅದನ್ನು ಅಂದಾಜಿನ ಮೇಲೆ ಮುಟ್ಟುವಂತಿಲ್ಲ. ತರಬೇತಿ ಇಲ್ಲದವನಿಗೆ ಅದು ಪ್ರಾಣಾಪಾಯ.

ಆದ್ದರಿಂದ ಈಗ ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಗ್ಯಾರೇಜಿನ ಹುಡುಗ ಮೊದಲು ಶಾಲೆ ಮುಗಿಸಬೇಕು, ನಂತರ ಐಟಿಐ ಮೆಟ್ಟಿಲು ಹತ್ತಬೇಕು. ಅನುಭವಿ ಮೆಕ್ಯಾನಿಕರಿಗೆ ಕನ್ನಡದಲ್ಲಿ, ಉರ್ದುವಿನಲ್ಲಿ, ಬ್ಯಾರಿಯಲ್ಲಿ ಹೊಸ ತಂತ್ರಜ್ಞಾನ ಕಲಿಸುವ ಸಂಜೆ ತರಗತಿಗಳು ಬೇಕು. ಜಮಾಅತ್‌ಗಳೂ ಸಮುದಾಯದ ಶಿಕ್ಷಣ ಸಂಸ್ಥೆಗಳೂ ಸನ್ಮಾನ ಸಮಾರಂಭಗಳಿಗೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೂ ಸಾಕು. ಉಳಿದಿರುವ ಹಿರಿಯ ಉಸ್ತಾದರ ಅನುಭವವನ್ನು ಕೇಳಿ ಬರೆದಿಡುವ ಕೆಲಸವನ್ನು ಓದಿದ ಯುವಕರು ವಹಿಸಿಕೊಳ್ಳಬೇಕು.

ಕೆಟ್ಟ ಮೇಲೆ ಗ್ಯಾರೇಜಿಗೆ ಎಳೆದುಕೊಂಡು ಹೋಗುವುದಕ್ಕಿಂತ ಕೆಡುವ ಮುನ್ನ ನೋಡಿಕೊಳ್ಳುವುದು ಲೇಸು ಎಂದು ಆ ಉಸ್ತಾದರು ಪ್ರತಿ ಗಿರಾಕಿಗೂ ಹೇಳುತ್ತಿದ್ದರು. ಕಾರಿನ ವಿಷಯದಲ್ಲಿ ನಾವು ಅದನ್ನು ಕೇಳಿದೆವು. ಅವರ ಮಕ್ಕಳ ವಿಷಯದಲ್ಲಿ ಕೇಳುವುದು ಇನ್ನೂ ಬಾಕಿ ಇದೆ.