ಜಹೀರಾಬಾದಿನ ಅವ್ವಂದಿರು ಕಟ್ಟಿದ ರೇಷನ್



ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ನವಣೆ ಉಪ್ಪಿಟ್ಟಿನ ಡಬ್ಬಿ ತೆಗೆದು, 'ಇದು ನಮ್ಮ ಋಷಿಮುನಿಗಳ ಆಹಾರ' ಅಂದ್ರು. ನಾನು ಸುಮ್ನಿದ್ದೆ. ನಾನು ಹುಡುಗನಾಗಿದ್ದಾಗ ನಮ್ಮ ಕೇರಿಯಲ್ಲಿ ನವಣೆ, ಸಾಮೆ, ಹಾರಕ ಅಂದ್ರೆ ಬಡವರ ಕೂಳು. ಶಾಲೆಗೆ ಬುತ್ತಿ ಒಯ್ದರೆ ಮುಚ್ಕೊಂಡು ತಿಂತಿದ್ವಿ. ಈ ಕೂಳಿನ ಬೀಜ ಉಳಿಸಿದವರು ಯಾರು ಅನ್ನೋ ಚರಿತ್ರೆ ಒಂದಿಷ್ಟು ಬರೀಬೇಕು ಅನ್ನಿಸ್ತು.

ಬೀದರ್ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಹಳೇ ನಿಜಾಮರ ಸೀಮೆ, ಮಳೆ ನಂಬಿದ ಹೊಲಗಳು. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರು ನಮ್ಮ ಮೈಸೂರಿನ ಪಿ.ವಿ. ಸತೀಶ್, ಮೊದಲು ದೂರದರ್ಶನದಲ್ಲಿದ್ದವರು. ಅವರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಹೇಳ್ತಿರೋದು ಸುಮಾರು 75 ಹಳ್ಳಿಗಳಲ್ಲಿ ಸಂಘ ಕಟ್ಟಿದ ಹೆಣ್ಣುಮಕ್ಕಳ ವಿಷಯ. ಬಹುಪಾಲು ದಲಿತರು, ಕೂಲಿ ಮಾಡ್ತಿದ್ದವರು, ಹೆಬ್ಬೆಟ್ಟು ಒತ್ತುತ್ತಿದ್ದವರು.

ಅದೇ 1983ರಲ್ಲಿ ಎನ್.ಟಿ.ಆರ್. ಸರ್ಕಾರ 2 ರೂಪಾಯಿಗೆ ಕಿಲೋ ಅಕ್ಕಿ ಕೊಡೋಕೆ ಶುರು ಮಾಡ್ತು. ಅದನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಹಸಿದ ಮನೆಗೆ ಅಕ್ಕಿ ಬಂದದ್ದು ಸಣ್ಣ ಮಾತಲ್ಲ (ಇವತ್ತೂ ರೇಷನ್ ಅಕ್ಕಿಯನ್ನ ಹಂಗಿಸೋರ ಜೊತೆ ನಾನು ನಿಲ್ಲಲ್ಲ). ಆದ್ರೆ ಆ ಅಕ್ಕಿ ಬೇರೆ ಸೀಮೆಯ ನೀರಾವರಿ ಗದ್ದೆಯದು. ಈ ಕಡೆ ಜೋಳಕ್ಕೆ ಕಿಮ್ಮತ್ತು ಹೋಯ್ತು. ಭೂಸುಧಾರಣೆಯಲ್ಲಿ ದಲಿತರಿಗೆ ಸಿಕ್ಕಿದ್ದ ಕಲ್ಲು ಹೊಲಗಳು ಬೀಳು ಬಿದ್ದಿದ್ವು.

1990ರ ದಶಕದ ಮಧ್ಯದಲ್ಲಿ ಈ ಹೆಂಗಸರು ತಮ್ಮದೇ ಪಡಿತರ ಕಟ್ಟಿದ್ರು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ದುಡ್ಡು, ಎಕರೆಗೆ 2,700 ರೂಪಾಯಿ ಸಾಲ, ಕಂತುಗಳಲ್ಲಿ. ಅದರಲ್ಲಿ ಬೀಳು ಉಳೋದು, ಗೊಬ್ಬರ ಹಾಕೋದು, ಜೋಳ ಬಿತ್ತೋದು. ಸಾಲ ತೀರಿಸೋದು ಜೋಳದಲ್ಲೇ. ಆ ಕಾಳು ಊರಲ್ಲೇ ದಾಸ್ತಾನು. ಮಳೆಗಾಲದಲ್ಲಿ, ಮನೆ ಕಾಳು ಮುಗಿದು ಹೊಸ ಬೆಳೆ ಇನ್ನೂ ಬಾರದ ಹೊತ್ತಿಗೆ, ಕಡಿಮೆ ಬೆಲೆಗೆ ಹಂಚೋದು. ಯಾರಿಗೆ ಎಷ್ಟು? ಯಾವ ಮನೆ ಎಷ್ಟು ಬಡ ಅಂತ ಊರವರೇ ಕೂತು ತೀರ್ಮಾನ ಮಾಡೋರು. ಹೆಚ್ಚು ಬಡವರಿಗೆ ಹೆಚ್ಚು ಕಾಳು. ನಾನು ಗುಮಾಸ್ತ, ಫಲಾನುಭವಿ ಪಟ್ಟಿ ಹೇಗೆ ತಯಾರಾಗುತ್ತೆ ಅಂತ ಚೆನ್ನಾಗಿ ಗೊತ್ತು. ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಒಂದೇ ಹೊಲದಲ್ಲಿ ಜೋಳದ ಜೊತೆ ತೊಗರಿ, ನವಣೆ, ಹೆಸರು, ಎಳ್ಳು. ಸಾಲುಗಳ ನಡುವೆ ಬಿತ್ತದೇ ಬರೋ ಬೆರಕೆ ಸೊಪ್ಪು. ಕಳೆನಾಶಕ ಹೊಡೆದ್ರೆ ಆ ಸೊಪ್ಪು ಸತ್ತುಹೋಗುತ್ತೆ, ಬಡವರ ಸಾರೂ ಅದರ ಜೊತೆಗೆ. ಬೀಜಕ್ಕೆ ಬೂದಿ, ಬೇವಿನೆಲೆ ಬೆರೆಸಿ ಬುಟ್ಟಿಗೆ ತುಂಬಿ ಮಣ್ಣು ಮೆತ್ತಿ ಇಡ್ತಾರೆ. ಕೇಳಿ ಬಂದವರಿಗೆ ದುಡ್ಡಿಲ್ಲದೆ ಕೊಡ್ತಾರೆ, ಸುಗ್ಗಿಗೆ ಒಯ್ದದ್ದಕ್ಕಿಂತ ಹೆಚ್ಚು ವಾಪಸ್ ಬರಬೇಕು.

ಸಂಕ್ರಾಂತಿಯಿಂದ ಸುಮಾರು ಒಂದು ತಿಂಗಳು ಎತ್ತಿನ ಗಾಡಿಗಳಲ್ಲಿ ಈ ಬೀಜ ಹೇರಿಕೊಂಡು ಊರೂರು ತಿರುಗೋ ಜಾತ್ರೆ ಮಾಡಿದ್ರು. ಏನು ತಿನ್ನಬೇಕು, ಯಾಕೆ ಅನ್ನೋ ಪಾಠ ಅಲ್ಲೇ. 2008ರ ಅಕ್ಟೋಬರ್ 15ರಂದು ಮಚನೂರಿನಲ್ಲಿ ಸಂಘಂ ರೇಡಿಯೋ ಶುರುವಾಯ್ತು. ಉದ್ಘಾಟನೆಗೆ ಬಂದವರು, ಆಕಾಶ ತರಂಗ ಜನರ ಸ್ವತ್ತು ಅಂತ 1995ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಮೈಕಿನ ಮುಂದೆ ಕೂತವರು ಊರಿನ ದಲಿತ ಹೆಣ್ಣುಮಕ್ಕಳು. 2019ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023 ಸಿರಿಧಾನ್ಯ ವರ್ಷ ಅಂತ ದೇಶವೆಲ್ಲಾ ಫ್ಲೆಕ್ಸ್ ಹಾಕಿದ್ದು ನಿಮಗೂ ನೆನಪಿದೆ. ಈ ಅವ್ವಂದಿರ ಮುಖ ಎಷ್ಟು ಫ್ಲೆಕ್ಸಲ್ಲಿ ನೋಡಿದ್ರಿ?

ನಮ್ಮವ್ವನಿಗೆ ಈಗ ಶುಗರ್. ಡಾಕ್ಟ್ರು ಸಿರಿಧಾನ್ಯ ತಿನ್ನಿ ಅಂದ್ರು. ಅಂಗಡಿಯಲ್ಲಿ ರೇಟ್ ಕೇಳಿ ಅವ್ವ ನಕ್ಕಳು: 'ಇದನ್ನ ಉಂಡಿದ್ದಕ್ಕೇ ಅಲ್ವೇನಪ್ಪ ನಮ್ಮನ್ನ ಆಡ್ಕೊಂಡಿದ್ದು?'

ತಾತನಿಗೆ ಮಂಜೂರಾಗಿದ್ದ 2 ಎಕರೆ, ನೀಲಗಿರಿ ಕಿತ್ತ ಮೇಲೆ ಬೀಳು ಬಿದ್ದಿದೆ. ಈ ಸಲ ಅರ್ಧ ಎಕರೆ ಹಾರಕ ಹಾಕೋಣ ಅಂತ ಅವ್ವ ಹಠ ಹಿಡಿದಿದ್ದಾಳೆ. ಅಂಗಡಿದು ಸಿಪ್ಪೆ ತೆಗೆದದ್ದು, ಮೊಳೆಯಲ್ಲ. ಯಾರ ಮನೆಯಲ್ಲಾದ್ರೂ ಬಿತ್ತನೆಗೆ ಉಳಿಸಿಕೊಂಡಿದ್ರೆ ತಿಳಿಸಿ, ನಾನೇ ಬಂದು ಒಯ್ತೀನಿ. ಸುಗ್ಗಿಗೆ ಎರಡರಷ್ಟು ವಾಪಸ್.

ಜೈ ಭೀಮ್.